ಒಬ್ಬರ ಮೌನ ಮುಂದುವರಿದಿದೆ

ಆಗಸ್ಟ್ 9, ಶನಿವಾರ
ಹಾಸ್ಟೆಲ್

ಪಿಟೀಲು,

ಮೊದಲ ಸಾಲಿನಲ್ಲಿ ‘ನಾನು ಆರೋಗ್ಯವಾಗಿದ್ದೇನೆ’ ಎಂದು ಬರೆಯಲೇಬೇಕೆಂದು ವಾರ್ಡನ್ ಮೇಡಂ ಹೇಳಿದ್ದಾರೆ. ಆದ್ದರಿಂದ ನಾನು ಆರೋಗ್ಯವಾಗಿದ್ದೇನೆ. ಇಲ್ಲಿ ಶನಿವಾರದ ನಾಲ್ಕನೇ ಪೀರಿಯಡ್ ಕಾಗದದ ಪೀರಿಯಡ್. ಮೊದಲು ಪೆನ್ಸಿಲಿನಲ್ಲಿ ಬರೆದು ತೋರಿಸಬೇಕು. ಮೇಡಂ ಓದಿ, ತಿದ್ದಿ ಕೊಟ್ಟ ಮೇಲೆ ಇಂಕಿನಲ್ಲಿ ನಕಲು ಮಾಡಬೇಕು. ಮನಸ್ಸಾದರೆ ಅವರೇ ಕೊನೆಯಲ್ಲಿ ಕೆಂಪು ಇಂಕಿನಲ್ಲಿ ಮನೆಯವರಿಗೆ ಒಂದು ಸಾಲು ಸೇರಿಸುತ್ತಾರೆ. ಮನೆಯಿಂದ ಬರುವ ಕಾಗದವನ್ನು ಮಾತ್ರ ಯಾರೂ ಒಡೆಯುವುದಿಲ್ಲ. ನೀನು ಎಷ್ಟು ತಪ್ಪು ಬೇಕಾದರೂ ಬರೆಯಬಹುದು.

ಬೇಸಿಗೆ ರಜೆಯವರೆಗೆ ಮನೆಗೆ ಕಳಿಸುವುದಿಲ್ಲ, ಮನೆಯವರು ನೋಡಲು ಬರುವ ಹಾಗೂ ಇಲ್ಲ. ಫೋನು ಆಫೀಸಿನಲ್ಲಿದೆ. ‘ಯಾರಾದ್ರೂ ಸತ್ರೆ ಮಾತ್ರ ಕೊಡ್ತಾರೆ, ಅದೂ ತೀರಾ ಹತ್ತಿರದವರಾಗಿರ್ಬೇಕು’ ಎಂದಳು ನನ್ನ ಪಕ್ಕದ ಹಾಸಿಗೆಯ ಉದ್ದಜಡೆ. ಈ ಸಾಲನ್ನು ಮೇಡಂ ಓದಿ, ನಕ್ಕು, ‘ಇರ್ಲಿ ಬಿಡು’ ಎಂದರು.

ಇಲ್ಲಿ ಎಲ್ಲರಿಗೂ ಒಂದೊಂದು ಹುದ್ದೆ. ಉದ್ದಜಡೆ ಗಂಟೆ ಬಾರಿಸುವವಳು. ನನ್ನದು ನೀರಿನ ಹುದ್ದೆ. ಊಟದ ಹಾಲ್‌ನಲ್ಲಿ ಜಗ್ ಹಿಡಿದು ಹನ್ನೆರಡು ಮೇಜು ಸುತ್ತಬೇಕು, ಪ್ರತಿಯೊಬ್ಬರನ್ನೂ ‘ನೀರು ಬೇಕಾ’ ಎಂದು ಕೇಳಬೇಕು. ನಿದ್ದೆಯಲ್ಲೂ ಕೇಳುತ್ತೇನಂತೆ. ‘ಎರಡು ಸಲ ಕೇಳಿದ್ಲು, ಎರಡು ಸಲಾನೂ ಬೇಡ ಅಂದೆ, ಆಮೇಲೆ ಸುಮ್ನಾದ್ಲು’ ಎಂದು ಉದ್ದಜಡೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾಳೆ. ಅಡುಗೆಯವರು ಈಗ ನನ್ನನ್ನು ಕಂಡರೆ ಸಾಕು, ‘ಬಂತಪ್ಪಾ ನಲ್ಲಿ’ ಅನ್ನುತ್ತಾರೆ.

ಪ್ರತಿ ಸೋಮವಾರ ಮಕ್ಕಳ ಸಭೆ. ಇಲ್ಲಿ ಟೀಚರ್‌ಗಳು ಹೊಡೆಯುವುದಿಲ್ಲ, ಬೈಯುವುದಿಲ್ಲ. ತಪ್ಪು ಮಾಡಿದವಳನ್ನು ನಾವೇ ಕೈಯೆತ್ತಿ ಮೂಲೆ ಮೇಜಿಗೆ ಕಳಿಸುತ್ತೇವೆ. ಅಲ್ಲಿ ಕೂತವಳ ಜೊತೆ ಯಾರೂ ಮಾತಾಡುವ ಹಾಗಿಲ್ಲ, ಅವಳೂ ಮಾತಾಡುವ ಹಾಗಿಲ್ಲ. ಮರೆತು ಮಾತಾಡಿಸಿದವಳಿಗೂ ಅದೇ ಮೇಜು. ಸಭೆಯಲ್ಲಿ ಎದ್ದು ನಿಂತು ‘ತಪ್ಪಾಯ್ತು’ ಎಂದರೆ ಮುಗಿಯಿತು, ಎಲ್ಲರೂ ಚಪ್ಪಾಳೆ ತಟ್ಟಿ ಒಳಗೆ ಸೇರಿಸಿಕೊಳ್ಳುತ್ತಾರೆ. ಈ ವಾರ ಆರನೇ ಕ್ಲಾಸಿನ ಒಬ್ಬಳು ಹೋಗಿದ್ದಳು. ನಾನೂ ಕೈಯೆತ್ತಿದ್ದೆ.

ನೀನು ಬಂದರೆ ಇಲ್ಲಿನ ಗೋಡೆಗಳಿಗೂ ಕಿವಿನೋವು ಬರುತ್ತದೆ. ಬೇಗ ಬಾ.

ನಿನ್ನ ಮೊಂಡಿ ಅಕ್ಕ


ಆಗಸ್ಟ್ 20
ಮನೆ

ಮೊಂಡಿ ಅಕ್ಕನಿಗೆ,

ನಿನ್ನ ಕಾಗದವನ್ನು ಅಮ್ಮ ಹೊಲಿಗೆ ಅಂಗಡಿಯಲ್ಲಿ ಜೋರಾಗಿ ಓದಿದಳು. ಶರ್ಟಿನ ಅಳತೆಗೆಂದು ಎರಡೂ ಕೈ ಚಾಚಿ ನಿಂತಿದ್ದ ಬ್ಯಾಂಕ್ ಮ್ಯಾನೇಜರು ಕಾಗದ ಮುಗಿಯುವವರೆಗೂ ಹಾಗೇ ಚಾಚಿಕೊಂಡು ಕೇಳಿದರು. ‘ಹೊಡೆಯೋದಿಲ್ಲ, ಬೈಯೋದಿಲ್ಲ, ಬರೀ ಮಾತು ಬಿಡ್ತಾರಂತೆ. ಎಷ್ಟು ಮರ್ಯಾದಸ್ಥ ಶಾಲೆ ನೋಡಿ ಸಾರ್’ ಎಂದಳು ಅಮ್ಮ. ಅವರು ‘ಹೌದೌದು’ ಎಂದು ಕೈ ಇಳಿಸಿದರು.

ನನ್ನ ಜೊತೆ ಮಾತು ಬಿಟ್ಟರೆ ನಾನು ಮಧ್ಯಾಹ್ನದೊಳಗೆ ಸತ್ತೇಹೋಗುತ್ತೇನೆ. ಆದರೂ ನಾನು ಅಲ್ಲಿಗೆ ಬರಲೇಬೇಕು. ಯಾವುದಾದರೂ ಸೀಟು ಖಾಲಿಯಾದರೆ ನಡುವಿನಲ್ಲೂ ಸೇರಿಸಿಕೊಳ್ಳುತ್ತಾರಂತೆ, ಪರೀಕ್ಷೆ ಪಾಸಾದರೆ ಸಾಕಂತೆ. ಯಾರಿಗಾದರೂ ಶಾಲೆ ಬಿಡುವ ಲಕ್ಷಣ ಇದೆಯಾ ನೋಡಿ ತಿಳಿಸು.

ಅಪ್ಪ ಈ ವಾರ ಏಳು ಜನರನ್ನು ಕೆಟ್ಟುನಿಂತ ಲಿಫ್ಟಿನಿಂದ ಬಿಡಿಸಿದರು. ಎಂಟನೆಯವರು ಅಪ್ಪ ಹೋಗುವಷ್ಟರಲ್ಲಿ ತಾವೇ ಹೊರಗೆ ಬಂದಿದ್ದರು. ಅದಕ್ಕೆ ಅಪ್ಪನಿಗೆ ಸ್ವಲ್ಪ ಬೇಜಾರಾಗಿದೆ.

ನಿನ್ನ ಪಿಟೀಲು


ಸೆಪ್ಟೆಂಬರ್ 6, ಶನಿವಾರ
ಹಾಸ್ಟೆಲ್

ಪ್ರೀತಿಯ ತಂಗಿಗೆ,

ನಾನು ಆರೋಗ್ಯವಾಗಿದ್ದೇನೆ. ಓದು ಚೆನ್ನಾಗಿ ಸಾಗುತ್ತಿದೆ. ನನ್ನ ಹುದ್ದೆ ಬದಲಾಗಿದೆ. ಈಗ ನಾನು ಶಾಲೆಯ ವರದಿಗಾರ್ತಿ. ‘ನಮ್ಮ ಶಾಲೆಯ ಈ ತಿಂಗಳು’ ಎಂಬ ಹಾಳೆ ಎಲ್ಲರ ಮನೆಗೂ ಹೋಗುತ್ತದಲ್ಲ, ಅದನ್ನು ಇನ್ನು ಮುಂದೆ ನಾನೇ ಬರೆಯುತ್ತೇನೆ. ಮೊದಲ ಸಂಚಿಕೆ ಜೊತೆಗಿದೆ. ಓಟದ ಪಂದ್ಯ, ವಿಜ್ಞಾನ ಪ್ರದರ್ಶನ, ತೋಟದ ಕೆಲಸ, ಮಕ್ಕಳ ಸಭೆಯ ತೀರ್ಮಾನಗಳು ಎಲ್ಲವೂ ಅದರಲ್ಲಿವೆ. ಸ್ವೆಟರಿನ ಗುಂಡಿ ಕಿತ್ತುಹೋಗಿತ್ತು, ನಾನೇ ಹಾಕಿಕೊಂಡೆ. ಅಮ್ಮನಿಗೆ ಹೇಳು.

ನಿನ್ನ ಅಕ್ಕ

(ಕೆಂಪು ಇಂಕಿನಲ್ಲಿ) ನಿಮ್ಮ ಮಗಳ ಕೈಬರಹ ಬಹಳ ಸುಧಾರಿಸಿದೆ. ವಾರ್ಡನ್.


ಸೆಪ್ಟೆಂಬರ್ 6, ಸಂಜೆ

ಪಿಟೀಲು,

ಇದು ನಿನಗೆ ತಲುಪುವುದಿಲ್ಲ. ಬರೆದು ಗಣಿತದ ನೋಟ್‌ಬುಕ್ಕಿನ ರಟ್ಟಿನೊಳಗೆ ತುರುಕಿಡುತ್ತೇನೆ. ಯಾರಿಗಾದರೂ ಹೇಳದಿದ್ದರೆ ನನಗೆ ಉಸಿರು ಕಟ್ಟುತ್ತದೆ.

ಎರಡು ವಾರದ ಹಿಂದೆ ಉದ್ದಜಡೆ ಕಥೆಪುಸ್ತಕ ಓದುತ್ತಾ ಕೂತು ಗಂಟೆಯನ್ನು ಹತ್ತು ನಿಮಿಷ ತಡವಾಗಿ ಬಾರಿಸಿದಳು. ಸಭೆ ಅವಳನ್ನು ಮೂಲೆ ಮೇಜಿಗೆ ಕಳಿಸಿತು. ಮಾರನೇ ದಿನ ನಾನು ಜಗ್ ಹಿಡಿದು ಸುತ್ತುತ್ತಾ ಹನ್ನೊಂದು ಮೇಜು ಮುಗಿಸಿ ಅವಳ ಹತ್ತಿರ ಹೋದೆ. ಬಾಯಿಗೆ ಅಭ್ಯಾಸ ನೋಡು, ‘ನೀರು ಬೇಕಾ’ ಅಂದುಬಿಟ್ಟೆ. ಅಷ್ಟೇ. ಅವಳು ಉತ್ತರ ಕೂಡ ಕೊಡಲಿಲ್ಲ. ಹಾಲ್‌ನಲ್ಲಿದ್ದವರೆಲ್ಲ ಚಮಚ ಕೆಳಗಿಟ್ಟು ನನ್ನನ್ನೇ ನೋಡಿದರು.

ಸೋಮವಾರ ಅವಳು ಎದ್ದು ‘ತಪ್ಪಾಯ್ತು’ ಎಂದಳು, ಚಪ್ಪಾಳೆ ಬಿತ್ತು. ನಾನೂ ಎದ್ದು ನಿಂತೆ. ಹೇಳಿಬಿಡೋಣವೆಂದೇ ನಿಂತಿದ್ದೆ. ಆದರೆ ಊಟಕ್ಕೆ ಕೂತವಳನ್ನು ನೀರು ಬೇಕಾ ಎಂದು ಕೇಳಿದ್ದು ತಪ್ಪು ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಕೂತುಬಿಟ್ಟೆ. ಅವತ್ತಿನಿಂದ ಮೂಲೆ ಮೇಜು ನನ್ನದು.

ನೀರಿನ ಹುದ್ದೆಗೆ ಮಾತು ಬೇಕು, ಅದನ್ನು ಕಿತ್ತುಕೊಂಡರು. ವರದಿಗೆ ಮಾತು ಬೇಕಿಲ್ಲ. ಕಿಟಕಿಯಲ್ಲಿ ನಿಂತು ನೋಡಿದರೆ ಸಾಕು. ಅದಕ್ಕೇ ನಾನು ವರದಿಗಾರ್ತಿ, ತಿಳಿಯಿತಾ. ಯಾರೂ ನನ್ನನ್ನು ತಳ್ಳುವುದಿಲ್ಲ, ಗೇಲಿ ಮಾಡುವುದಿಲ್ಲ. ಬಾಗಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿಯನ್ನೂ ಬಿಡುತ್ತಾರೆ. ಬೆಳಿಗ್ಗೆ ಹಾಜರಿ ಕೂಗುವಾಗ ಮಾತ್ರ ನನ್ನ ಹೆಸರು ನನಗೆ ಕೇಳಿಸುತ್ತದೆ. ‘ಹಾಜರ್’ ಅನ್ನುತ್ತೇನೆ. ದಿನಕ್ಕೆ ಅದೊಂದೇ ಮಾತು. ಅದನ್ನು ಆದಷ್ಟು ನಿಧಾನವಾಗಿ ಹೇಳುತ್ತೇನೆ.

ಮನೆಗೆ ಬರೆಯೋಣವೆಂದರೆ ಪೆನ್ಸಿಲ್ ಕಾಗದ ಮೇಡಂ ಮೇಜಿನ ಮೇಲೆ ಹೋಗುತ್ತದೆ. ಇವತ್ತು ಒಂದು ಸಾಲು ಬರೆದು ನೋಡಿದೆ. ‘ಸಭೆಯ ವಿಷಯ ಸಭೆಯಲ್ಲೇ ಇರ್ಬೇಕಲ್ವಾ’ ಎಂದು ಮೆತ್ತಗೆ ಹೇಳಿ, ರಬ್ಬರಿನಿಂದ ಅಳಿಸಿ, ಹಾಳೆಯ ಮೇಲಿನ ಪುಡಿಯನ್ನೂ ಊದಿ ಕೊಟ್ಟರು. ನನಗೆ ಅಳು ಬಂತು. ಅವರು ಕರವಸ್ತ್ರ ಕೊಟ್ಟರು.


ಸೆಪ್ಟೆಂಬರ್ 28
ಮನೆ

ವರದಿಗಾರ್ತಿ ಮೇಡಂ ಅವರ ಸನ್ನಿಧಾನಕ್ಕೆ,

ನಿನ್ನ ಹಾಳೆಯನ್ನು ಅಮ್ಮ ಅಂಗಡಿಯ ಗೋಡೆಗೆ, ಅಳತೆಪಟ್ಟಿ ತೂಗುಹಾಕುವ ಮೊಳೆಯ ಪಕ್ಕದಲ್ಲೇ ಅಂಟಿಸಿದ್ದಾಳೆ. ಬಂದವರೆಲ್ಲ ಮೊದಲು ಅದನ್ನು ಓದಬೇಕು, ಆಮೇಲೆ ಅಳತೆ. ಓದದವರ ಪ್ಯಾಂಟು ತಡವಾಗುತ್ತದೆ. ‘ನಮ್ಮ ದೊಡ್ಡವಳು ಬರ್ದಿದ್ದು’ ಎಂದು ಹೇಳಿ ಹೇಳಿ ಅಮ್ಮನ ಬಾಯಿ ಸವೆದಿದೆ.

ನನಗೆ ಪೂರ್ತಿ ಬಾಯಿಪಾಠವಾಗಿದೆ. ‘ಓಟದಲ್ಲಿ ಬಿದ್ದವಳನ್ನು ಗೆಲ್ಲುತ್ತಿದ್ದವಳು ಹಿಂದಿರುಗಿ ಬಂದು ಎತ್ತಿದಳು’ ಅನ್ನುವ ಸಾಲನ್ನು ನಾನು ಪ್ರತಿ ಸಲ ಎರಡೆರಡು ಬಾರಿ ಹೇಳಿಕೊಳ್ಳುತ್ತೇನೆ. ಎಂಥ ಶಾಲೆ ಅಕ್ಕ ಅದು. ಕೊನೆಯಲ್ಲಿ ‘ಮಕ್ಕಳ ಸಭೆ: ಮೂವರ ಮೌನ ಮುಗಿದಿದೆ, ಒಬ್ಬರ ಮೌನ ಮುಂದುವರಿದಿದೆ’ ಎಂದು ಹಾಕಿದ್ದೀಯಲ್ಲ, ಯಾರದು ಆ ಒಬ್ಬರು? ಅಂಥ ಒಳ್ಳೆಯ ಶಾಲೆಯಲ್ಲೂ ಒಬ್ಬಳು ಮೊಂಡುತನ ಮಾಡುತ್ತಾಳೆಂದರೆ ಅವಳಿಗೆ ತಲೆ ಕೆಟ್ಟಿರಬೇಕು.

ಆದರೆ ನನಗೆ ನಿನ್ನ ಮೇಲೆ ಸಿಟ್ಟು. ಊರಿಗೆಲ್ಲ ನಾಲ್ಕು ಪುಟ, ತಂಗಿಗೆ ಸ್ವೆಟರಿನ ಗುಂಡಿ. ಉದ್ದಜಡೆ ಏನಂದಳು, ಅಡುಗೆಯವರು ಏನಂದರು, ಒಂದೂ ಇಲ್ಲ. ದೊಡ್ಡ ಹುದ್ದೆ ಬಂದ ಮೇಲೆ ದೊಡ್ಡ ಮನುಷ್ಯಳಾದೆ, ಅಲ್ಲವಾ?

ನಿನ್ನ ಪಿಟೀಲು


ನವೆಂಬರ್ 22, ಶನಿವಾರ
ಹಾಸ್ಟೆಲ್

ಪ್ರೀತಿಯ ತಂಗಿಗೆ,

ನಾನು ಆರೋಗ್ಯವಾಗಿದ್ದೇನೆ. ವರದಿಯ ಕೆಲಸದಿಂದಾಗಿ ಇಷ್ಟು ದಿನ ಬರೆಯಲಾಗಲಿಲ್ಲ. ಉದ್ದಜಡೆಯ ಮನೆಯವರು ಬಂದು ಅವಳನ್ನು ಕರೆದುಕೊಂಡು ಹೋದರು. ನನ್ನ ಪಕ್ಕದ ಹಾಸಿಗೆ ಖಾಲಿಯಿದೆ.

ಆ ಸೀಟಿಗೆ ನಿನ್ನನ್ನು ಕರೆಯಬಹುದೆಂದು ಕಾಣುತ್ತದೆ. ನೀನು ಅವಸರ ಮಾಡಬೇಡ. ಇಲ್ಲಿ ಚಳಿ ಹೆಚ್ಚು, ನಿನಗೆ ಮೂಗು ಕಟ್ಟುತ್ತದೆ. ಬೆಳಿಗ್ಗೆ ಐದಕ್ಕೆ ಏಳಬೇಕು, ನೀನು ಏಳುವವಳಲ್ಲ. ಒಂದು ವರ್ಷ ತಡೆದು ಬಂದರೂ ನಷ್ಟವೇನಿಲ್ಲ. ಎರಡು ವರ್ಷವಾದರೂ ಸರಿ. ಅಮ್ಮನಿಗೆ ಅಂಗಡಿಯಲ್ಲಿ ಜೊತೆಗೆ ಯಾರಾದರೂ ಬೇಕು.

ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಅಪ್ಪ ಮೊದಲು ಏನು ಹೇಳುತ್ತಾರೆ? ನನಗೆ ಮರೆತುಹೋಗಿದೆ. ದಯವಿಟ್ಟು ಬರೆದು ತಿಳಿಸು.

ನಿನ್ನ ಅಕ್ಕ


ಡಿಸೆಂಬರ್ 5
ಮನೆ

ಅಕ್ಕನಿಗೆ,

ನಿನ್ನ ಕಾಗದ ಓದಿ ಮಂಚದ ಕೆಳಗೆ ಕೂತು ಅತ್ತೆ. ನಾನು ಬರುವುದು ನಿನಗೆ ಇಷ್ಟವಿಲ್ಲ, ಹಾಗೆಂದು ನೇರವಾಗಿ ಹೇಳಬಾರದಿತ್ತಾ? ವಟವಟ ಅನ್ನುವ ತಂಗಿ ಬಂದರೆ ವರದಿಗಾರ್ತಿಗೆ ಅವಮಾನ. ಮೂಗಿನ ನೆಪ ಬೇರೆ. ಚಳಿಯಿಲ್ಲದ ದಿನವೂ ನನ್ನ ಮೂಗು ಕಟ್ಟಿರುತ್ತದೆ, ಅದು ನಿನಗೂ ಗೊತ್ತು.

ನೀನು ಏನೇ ಹೇಳು, ಹೆಡ್‌ಮಿಸ್ ಕಾಗದ ಬಂದಿದೆ. ಹದಿನಾಲ್ಕಕ್ಕೆ ಇಲ್ಲೇ ನಮ್ಮ ಶಾಲೆಯಲ್ಲಿ ಪರೀಕ್ಷೆ. ಪಾಸಾದರೆ ಫೆಬ್ರವರಿ ಎರಡಕ್ಕೆ ಸೇರುವುದು. ಅಮ್ಮ ಆಗಲೇ ಯೂನಿಫಾರ್ಮ್ ಕತ್ತರಿಸಿದ್ದಾಳೆ. ನಾನು ಬೆಳೆಯುತ್ತೇನೆಂದು ಅಂಚನ್ನು ನಾಲ್ಕು ಬೆರಳು ಒಳಗೆ ಮಡಚಿ ಹೊಲಿದಿದ್ದಾಳೆ.

ಅಪ್ಪ ಏನು ಹೇಳುತ್ತಾರೆಂದು ಕೇಳಿದ್ದೀಯ. ಸಿಟ್ಟಿದ್ದರೂ ಬರೆಯುತ್ತೇನೆ. ಹೋದ ಭಾನುವಾರ ಆಸ್ಪತ್ರೆಯ ಲಿಫ್ಟಿನಲ್ಲಿ ಒಬ್ಬ ನರ್ಸ್ ಸಿಕ್ಕಿಕೊಂಡಿದ್ದರು. ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಒಳಗಿನಿಂದ ಆ ಯಮ್ಮ ಬಾಗಿಲು ಬಡಿಯುತ್ತಾ ಇದ್ದರು, ಆಮೇಲೆ ಬಡಿಯುವುದನ್ನೂ ನಿಲ್ಲಿಸಿದರು. ಬಡಿತ ನಿಂತಾಗ ಅಪ್ಪನ ಮುಖ ನೋಡಬೇಕಿತ್ತು. ರಿಪೇರಿ ಸಾಮಾನಿನ ಪೆಟ್ಟಿಗೆ ಕೆಳಗಿಟ್ಟು ಬಾಗಿಲಿಗೆ ಬಾಯಿ ಹಚ್ಚಿ ‘ಅಮ್ಮಾ, ನಾನು ಹೊರಗಡೆ ಇಲ್ಲೇ ಇದ್ದೀನಿ. ಎಲ್ಲೂ ಹೋಗಲ್ಲ. ಮಾತಾಡ್ತಾ ಇರಿ’ ಎಂದರು. ಆಮೇಲೆ ನನಗೆ, ‘ಮೊದ್ಲು ಬಾಯಿ ತೆಗೀಬೇಕು, ಆಮೇಲೆ ಪೆಟ್ಟಿಗೆ ತೆಗೀಬೇಕು. ಒಳಗಿರೋರಿಗೆ ಕತ್ತಲೆಗಿಂತ ಯಾರೂ ಇಲ್ಲ ಅನ್ನೋದೇ ಭಯ. ನೀನು ಶುರು ಮಾಡು’ ಎಂದರು. ನಾನು ನಲವತ್ತು ನಿಮಿಷ ಬಾಗಿಲಿನ ಸಂದಿಯಲ್ಲಿ ಮಾತಾಡಿದೆ. ನಿನ್ನ ಹಾಳೆಯನ್ನೂ ಪೂರ್ತಿ ಬಾಯಿಪಾಠ ಒಪ್ಪಿಸಿದೆ. ಆ ಯಮ್ಮ ಹೊರಗೆ ಬಂದು ಮೊದಲು ಕೇಳಿದ್ದು, ‘ಆ ಒಬ್ಬರ ಮೌನ ಮುಗೀತಾ ಪುಟ್ಟಿ?’

ಇನ್ನೂ ಇಲ್ಲ ಎಂದೆ.

ನಿನ್ನ ತಂಗಿ


ಡಿಸೆಂಬರ್ 20, ಶನಿವಾರ
ಹಾಸ್ಟೆಲ್

ಪ್ರೀತಿಯ ತಂಗಿಗೆ,

ನಾನು ಆರೋಗ್ಯವಾಗಿದ್ದೇನೆ. ನಿನ್ನ ಫಲಿತಾಂಶ ನೋಟಿಸ್ ಬೋರ್ಡಿನಲ್ಲಿ ನೋಡಿದೆ. ಮೊದಲ ಸ್ಥಾನ ಬಂದಿದ್ದೀಯ. ಅಭಿನಂದನೆಗಳು.

ನಿನ್ನ ಅಕ್ಕ

(ಕೆಂಪು ಇಂಕಿನಲ್ಲಿ) ಇಬ್ಬರು ಹೆಣ್ಣುಮಕ್ಕಳೂ ನಮ್ಮಲ್ಲಿ ಇರುವುದು ನಮಗೆ ಹೆಮ್ಮೆ. ವಾರ್ಡನ್.


ಡಿಸೆಂಬರ್ 20, ಸಂಜೆ

ಪಿಟೀಲು,

ನೋಟ್‌ಬುಕ್ಕಿನ ರಟ್ಟು ಉಬ್ಬಿದೆ. ಇದೊಂದು ಹಿಡಿಸಿದರೆ ಸಾಕು.

ಯಾಕೆ ಪಾಸಾದೆ ನೀನು? ಮೂಗು ಕಟ್ಟುತ್ತದೆ ಎಂದರೆ ಅಕ್ಕ ಸುಳ್ಳು ಹೇಳುತ್ತಿದ್ದಾಳೆಂದು ಗೊತ್ತಾಗಬೇಡವಾ? ನಿನ್ನ ಮೂಗಿನ ಮೇಲೆ ನನಗೆ ಯಾವತ್ತು ಅಷ್ಟು ಕಾಳಜಿ ಇತ್ತು?

ಫೆಬ್ರವರಿ ಎರಡು ಸೋಮವಾರ. ನೀನು ಹೊಸ ಯೂನಿಫಾರ್ಮ್ ಹಾಕಿ ಊಟದ ಹಾಲಿಗೆ ಬರುತ್ತೀಯ. ನಾನು ಮೂಲೆಯಲ್ಲಿರುತ್ತೇನೆ. ನೀನು ‘ಅಕ್ಕ’ ಎಂದು ಓಡಿ ಬಂದರೆ ನಿನಗೂ ಮೌನ. ಯಾರೋ ತೋಳು ಹಿಡಿದು ನಿಯಮ ಹೇಳಿ ತಡೆದರೆ, ನೀನು ನನ್ನನ್ನು ನೋಡಿಯೂ ನೋಡದ ಹಾಗೆ ಬೇರೆ ಮೇಜಿಗೆ ಹೋಗಿ ಕೂರಬೇಕು. ಯಾವುದು ಕೆಟ್ಟದ್ದೆಂದು ನಾನು ದಿನವಿಡೀ ಯೋಚಿಸುತ್ತೇನೆ. ನೀನೂ ದಾರಿ ಬಿಟ್ಟು ಸರಿದು ನಿಂತರೆ ನಾನು ತಡೆದುಕೊಳ್ಳುವುದಿಲ್ಲ.

ಅದಕ್ಕೇ ಹೋದ ಸೋಮವಾರ ನಿನಗೋಸ್ಕರ ಎದ್ದು ನಿಂತೆ. ತಪ್ಪಾಯ್ತು, ಮೂರು ಅಕ್ಷರ. ಕನ್ನಡಿ ಮುಂದೆ ಹೇಳಿ ನೋಡಿಕೊಂಡೇ ಹೋಗಿದ್ದೆ. ಎಲ್ಲರೂ ಚಪ್ಪಾಳೆಗೆ ಕೈ ಎತ್ತಿ ಕಾಯುತ್ತಿದ್ದರು. ನನ್ನ ಬಾಯಿಂದ ಬಂದದ್ದು, ‘ನಾನು ನೀರು ಬೇಕಾ ಅಂತ ಕೇಳ್ದೆ. ಇನ್ನೊಂದ್ಸಲ ಆದ್ರೂ ಕೇಳ್ತೀನಿ’ ಎಂದು. ಹೇಳಿ ನಾನೇ ಗಾಬರಿಯಾದೆ. ಎತ್ತಿದ ಕೈಗಳೆಲ್ಲ ಮಡಿಲಿಗೆ ಇಳಿದವು.

ಉದ್ದಜಡೆ ಹೋದ ದಿನದ ವಿಷಯ ನಿನಗೆ ಬರೆದಿಲ್ಲ. ಅವಳು ಪೆಟ್ಟಿಗೆ ಹಿಡಿದು ಗೇಟಿನವರೆಗೆ ಹೋದವಳು ವಾಪಸು ಬಂದಳು. ನೇರವಾಗಿ ಮೂಲೆ ಮೇಜಿಗೆ ಬಂದು, ಜಗ್ಗಿನಿಂದ ಲೋಟಕ್ಕೆ ಬಗ್ಗಿಸಿ, ಎಲ್ಲರಿಗೂ ಕೇಳುವ ಹಾಗೆ ‘ನೀರು ಬೇಕಾ?’ ಎಂದಳು. ಅವಳಿಗೆ ಇನ್ನು ನಿಯಮವಿಲ್ಲ, ನನಗಿತ್ತು. ನಾನು ತಲೆ ಆಡಿಸಿದೆ, ಕುಡಿದೆ. ಅರ್ಧ ನೀರು ಮೇಜಿನ ಮೇಲೆ ಚೆಲ್ಲಿತ್ತು. ನಾನು ಅವಳಿಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ನರ್ಸ್ ಬಡಿಯುವುದನ್ನು ನಿಲ್ಲಿಸಿದರು ಎಂದು ಬರೆದಿದ್ದೀಯಲ್ಲ, ಯಾಕೆಂದು ನನಗೆ ಗೊತ್ತು. ಕೈ ನೋಯುತ್ತದೆಂದಲ್ಲ. ಬಡಿದ ಸದ್ದು ಹೊರಗೆ ಯಾರಿಗೂ ಕೇಳುತ್ತಿಲ್ಲ ಅನ್ನಿಸಿಬಿಡುತ್ತದೆ.


ಜನವರಿ 10
ಮನೆ

ಅಕ್ಕ,

ಆ ಒಬ್ಬರು ನೀನೇ.

ಹೇಗೆ ಗೊತ್ತಾಯಿತೆಂದು ಹೇಳುತ್ತೇನೆ. ನಿನ್ನ ಬೋಳು ಅಭಿನಂದನೆ ನೋಡಿ ನನಗೆ ಎಷ್ಟು ಸಿಟ್ಟು ಬಂತೆಂದರೆ, ನಿನ್ನ ಕಾಗದಗಳನ್ನೆಲ್ಲ ಹರಿದುಹಾಕೋಣವೆಂದು ಅಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಹರಡಿದೆ. ಹರಿಯುವ ಮೊದಲು ಒಂದು ಸಲ ಓದಿದೆ. ಆಗಸ್ಟಿನ ಕಾಗದದಲ್ಲಿ ಉದ್ದಜಡೆ ಮಾತಾಡುತ್ತಾಳೆ, ಅಡುಗೆಯವರು ಮಾತಾಡುತ್ತಾರೆ, ವಾರ್ಡನ್ ಕೂಡ ಮಾತಾಡುತ್ತಾರೆ. ಸೆಪ್ಟೆಂಬರಿನಿಂದ ಈಚೆಗೆ ನಿನಗೆ ಒಬ್ಬರೂ ಒಂದು ಮಾತೂ ಹೇಳಿಲ್ಲ. ಬಾಗಿಲು ಹಾಕು ಅಂತಲೂ ಯಾರೂ ಅಂದಿಲ್ಲ. ನೀನು ಯಾರ ಮಾತನ್ನೂ ಬಿಟ್ಟು ಬರೆಯುವವಳೇ ಅಲ್ಲ.

ಆಮೇಲೆ ಹಾಳೆಗಳನ್ನು ನೋಡಿದೆ. ನಾಲ್ಕು ಸಂಚಿಕೆ. ಓಟ, ಮೇಳ, ತೋಟ, ನಾಟಕ, ಬೇರೆ ಬೇರೆ. ಕೊನೆಯ ಸಾಲು ಮಾತ್ರ ಬದಲಾಗಿಲ್ಲ. ಒಬ್ಬರ ಮೌನ ಮುಂದುವರಿದಿದೆ. ನಾಲ್ಕು ತಿಂಗಳು ಒಂದು ‘ತಪ್ಪಾಯ್ತು’ ಹೇಳದೆ ಕೂರುವ ಮೊಂಡು ಈ ಪ್ರಪಂಚದಲ್ಲಿ ಎಷ್ಟು ಜನರಿಗಿದೆ? ನಾನು ಅದೇ ಮೊಂಡಿನ ಜೊತೆ ಹತ್ತು ವರ್ಷ ಒಂದೇ ಮಂಚದಲ್ಲಿ ಮಲಗಿದ್ದೇನೆ. ತಲೆ ಕೆಟ್ಟಿರಬೇಕು ಎಂದು ಬರೆದಿದ್ದೆನಲ್ಲ, ಅದನ್ನು ವಾಪಸು ತೆಗೆದುಕೊಂಡಿದ್ದೇನೆ. ತುಂಬಾ ಅತ್ತೆ ಅಕ್ಕ. ಅಮ್ಮ ಮೂಗು ಕಟ್ಟಿದೆ ಎಂದುಕೊಂಡು ಬಿಸಿನೀರಿನ ಹಬೆ ಕೊಟ್ಟಳು.

ಈಗ ಕೇಳು. ಅಪ್ಪನಿಗೆ ಇನ್ನೂ ಹೇಳಿಲ್ಲ. ಒಂದನೇ ಕ್ಲಾಸಿನಲ್ಲಿ ನಿನ್ನನ್ನು ಕೇಳದೆ ನಿನ್ನ ವಿಷಯ ಟೀಚರಿಗೆ ಹೇಳಿದ್ದಕ್ಕೆ ನೀನು ಎಂಟು ದಿನ ನನ್ನ ಜೊತೆ ಮಾತು ಬಿಟ್ಟಿದ್ದೆ. ಹೌದು, ನೀನೂ ಬಿಟ್ಟಿದ್ದೆ. ಅದಕ್ಕೇ ಈ ಸಲ ಕೇಳಿ ಹೇಳುತ್ತೇನೆ. ನಿನಗೆ ಅಪ್ಪ ಬೇಕಾದರೆ ಮುಂದಿನ ಕಾಗದದಲ್ಲಿ ಅವರ ಪೆಟ್ಟಿಗೆಯ ಮಾತು ಎಲ್ಲಾದರೂ ಸೇರಿಸು. ಅದು ಕಂಡ ಕ್ಷಣ ಎಲ್ಲ ಹೇಳುತ್ತೇನೆ. ಕಾಣದಿದ್ದರೆ ಬಾಯಿ ಬಿಡುವುದಿಲ್ಲ. ನನ್ನಂಥವಳಿಗೆ ಅದು ಎಷ್ಟು ಕಷ್ಟವೆಂದು ನಿನಗೆ ಗೊತ್ತು.

ಆದರೆ ಎರಡನೇ ತಾರೀಖು ನಾನು ಹೇಗಿದ್ದರೂ ಬರುತ್ತೇನೆ. ನಿಯಮವನ್ನು ನಾನೂ ಚೆನ್ನಾಗಿ ಓದಿದ್ದೇನೆ. ಹಾಲಿಗೆ ಬಂದ ತಕ್ಷಣ ಮೂಲೆ ಮೇಜಿಗೆ ಬಂದು, ಇಡೀ ಹಾಲಿಗೆ ಕೇಳುವ ಹಾಗೆ ಮಾತಾಡುತ್ತೇನೆ. ನನಗೂ ಮೌನ ಹಾಕಲಿ. ಆಮೇಲೆ ನಾವಿಬ್ಬರೂ ಅದೇ ಮೇಜಿನಲ್ಲಿ ಎದುರುಬದುರು. ಮೌನ ಹಾಕಿಸಿಕೊಂಡವರ ಜೊತೆ ಮಾತಾಡಿದರೆ ಮೌನ ತಾನೇ? ಆಗಲೇ ಹಾಕಿಸಿಕೊಂಡವರಿಗೆ ಇನ್ನೇನು ಹಾಕುತ್ತಾರೆ?

ನಾನು ಹೊರಗಡೆ ಇಲ್ಲೇ ಇದ್ದೀನಿ ಅಕ್ಕ. ಬಡಿಯುತ್ತಾ ಇರು.

ನಿನ್ನ ಪಿಟೀಲು


ಜನವರಿ 17, ಶನಿವಾರ
ಹಾಸ್ಟೆಲ್

ಪಿಟೀಲು,

ನಾನು ಆರೋಗ್ಯವಾಗಿದ್ದೇನೆ. ನಿನ್ನ ಕಾಗದ ತಲುಪಿತು. ಪಕ್ಕದ ಹಾಸಿಗೆಯ ಮೇಲೆ ನನ್ನ ಪುಸ್ತಕಗಳಿದ್ದವು, ತೆಗೆದೆ. ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ನಿನ್ನನ್ನು ಬಿಡಲು ಅಪ್ಪ ಬರುತ್ತಾರಲ್ಲ, ಅವರಿಗೆ ಒಂದು ಮಾತು ಹೇಳು. ಪೆಟ್ಟಿಗೆಯನ್ನು ಮರೆಯದೆ ತರಲಿ. ಇಲ್ಲಿ ಒಂದು ಬಾಗಿಲು ಆಗಸ್ಟಿನಿಂದ ತೆರೆಯುತ್ತಿಲ್ಲ. ನಾನೇ ತೆಗೆಯುತ್ತೇನೆಂದು ಇಷ್ಟು ದಿನ ಹಟ ಹಿಡಿದು ಕೂತಿದ್ದೆ. ಒಳಗಿನಿಂದ ಆಗುವುದಿಲ್ಲ. ಸಣ್ಣ ಪೆಟ್ಟಿಗೆ ಸಾಲದು, ದೊಡ್ಡದನ್ನೇ ತರಲಿ.

ಆದರೆ ಮೊದಲು ನೀನು. ಅಪ್ಪ ಹೇಳುವ ಕ್ರಮದಲ್ಲೇ ಆಗಲಿ.

ಬೇಗ ಬಾ.

ನಿನ್ನ ಮೊಂಡಿ ಅಕ್ಕ

(ಕೆಂಪು ಇಂಕಿನಲ್ಲಿ) ಪೋಷಕರ ಗಮನಕ್ಕೆ: ಹಾಸ್ಟೆಲಿನ ಎಲ್ಲ ಬಾಗಿಲುಗಳೂ ಸುಸ್ಥಿತಿಯಲ್ಲಿವೆ. ರಿಪೇರಿ ಪೆಟ್ಟಿಗೆ ತರುವ ಅಗತ್ಯವಿಲ್ಲ. ವಾರ್ಡನ್.